ಐಪಿ ವಿಳಾಸದಲ್ಲಿ ಕೊಠಡಿಯ ಗುರುತಿಲ್ಲ

‘ಐಪಿ ವಿಳಾಸ ಕೊಟ್ಟಿದ್ದೇವಲ್ಲ ಸಾರ್, ತೊಂದರೆ ಕೊಡ್ತಿರೋ ಕಂಪ್ಯೂಟರ್ ಯಾವ ರೂಮಿನಲ್ಲಿದೆ ಹೇಳಿಬಿಡಿ’ ಎಂಬ ಮಾತನ್ನು, ಮೈಸೂರಿನ ಕಾಲೇಜು, ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವ ನಾನು ತಿಂಗಳಿಗೊಮ್ಮೆಯಾದರೂ ಕೇಳುತ್ತೇನೆ. ಐಪಿ ಎಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿಗೆ ಸಿಗುವ ಸಂಖ್ಯೆ; ಅದಕ್ಕಿಟ್ಟ ‘ವಿಳಾಸ’ ಎಂಬ ಪದವೇ ಜನರನ್ನು ದಾರಿ ತಪ್ಪಿಸುತ್ತಿದೆಯೋ ಏನೋ. ಚಾಮುಂಡಿ ಬೆಟ್ಟದ ಬಸ್ಸಿನ ಮಾರ್ಗಸಂಖ್ಯೆ ಗೊತ್ತಿದ್ದ ಮಾತ್ರಕ್ಕೆ ಅದು ಈಗ ಯಾವ ತಿರುವಿನಲ್ಲಿದೆಯೆಂದು ಹೇಳಲಾಗದು. ನಾಳೆ ಅದೇ ಸಂಖ್ಯೆಯನ್ನು ಬೇರೊಂದು ಬಸ್ಸು ಹೊತ್ತಿರಬಹುದು. ಡಿಎಚ್‌ಸಿಪಿ (ಐಪಿಗಳನ್ನು ತಾನಾಗಿಯೇ ಕೊಡುವ ವ್ಯವಸ್ಥೆ) ಹಂಚುವ ಐಪಿಯೂ ಹಾಗೆಯೇ. ಅದರಿಂದ ಹೆಚ್ಚೆಂದರೆ ನೆಟ್‌ವರ್ಕಿನ ಯಾವ ವಿಭಾಗದ್ದೆಂಬ ಸುಳಿವು ದೊರೆಯುತ್ತದೆ.

ಜಾಗವನ್ನು ಬಲ್ಲದ್ದು, ಕಂಪ್ಯೂಟರುಗಳ ಕೇಬಲ್ಲುಗಳನ್ನು ಒಂದುಗೂಡಿಸುವ ಪೆಟ್ಟಿಗೆಯಾದ ಸ್ವಿಚ್. ರೂಟರಿನ ಎಆರ್‌ಪಿ ಪಟ್ಟಿಯಿಂದ (ಯಾವ ಐಪಿಗೆ ಯಾವ ಮ್ಯಾಕ್ ಎಂದು ತೋರಿಸುವ ಪಟ್ಟಿ) ಆ ಐಪಿಯ 48 ಬಿಟ್‌ಗಳ ಮ್ಯಾಕ್ ವಿಳಾಸವನ್ನು, ಎಂದರೆ ಯಂತ್ರದ ನೆಟ್‌ವರ್ಕ್ ಗುರುತುಸಂಖ್ಯೆಯನ್ನು ಪಡೆದು, ಮುಖ್ಯ ಸ್ವಿಚ್ಚಿನ ಮ್ಯಾಕ್ ಪಟ್ಟಿಯಲ್ಲಿ ಹುಡುಕಿದರೆ ಒಂದು ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) ಸಿಗುತ್ತದೆ. ಅಲ್ಲಿಗೇ ನಿಂತುಬಿಡುವವರು ಬಹಳ. ಆ ಪೋರ್ಟಿನಲ್ಲಿ ಹತ್ತಾರು ಮ್ಯಾಕ್‌ಗಳು ಕಂಡರೆ ಅದರಾಚೆ ಬಹುಮಟ್ಟಿಗೆ ಇನ್ನೊಂದು ಸ್ವಿಚ್ ಇದೆಯೆಂದೇ ಅರ್ಥ. ಅಲ್ಲಿಗೆ ಹೋಗಿ ಅದೇ ಮ್ಯಾಕನ್ನು ಮತ್ತೆ ಹುಡುಕಬೇಕು, ಒಂಟಿ ಮ್ಯಾಕ್ ಇರುವ ಪೋರ್ಟ್ ಸಿಗುವವರೆಗೂ ಹೀಗೆಯೇ ಸಾಗಬೇಕು. ಹಲವು ಸ್ವಿಚ್ಚುಗಳು 300 ಸೆಕೆಂಡು ಸದ್ದಿಲ್ಲದಿರುವ ಮ್ಯಾಕನ್ನು ಪಟ್ಟಿಯಿಂದ ಅಳಿಸಿಬಿಡುವುದರಿಂದ, ದಯವಿಟ್ಟು ತೊಂದರೆ ನಡೆಯುತ್ತಿರುವಾಗಲೇ ಕರೆಯಿರಿ. ವೈಫೈ ಆದರೆ ಯಾವ ಆಕ್ಸೆಸ್ ಪಾಯಿಂಟಿನ (ವೈಫೈ ಒದಗಿಸುವ ಪೆಟ್ಟಿಗೆ) ಸುತ್ತಮುತ್ತ ಎಂಬಷ್ಟನ್ನೇ ಹೇಳಬಹುದು. ಈಗಿನ ಮೊಬೈಲುಗಳು ಮ್ಯಾಕನ್ನೂ ಮರೆಮಾಚುತ್ತವೆ.

ಇಷ್ಟಾದರೂ ಪೋರ್ಟಿನಿಂದ ಕೊಠಡಿಗೆ ಕರೆದೊಯ್ಯುವುದು ಗೋಡೆಯ ನೆಟ್‌ವರ್ಕ್ ಸಾಕೆಟ್ಟಿನ ಮೇಲೆ ಅಂಟಿಸಿದ ಚೀಟಿ. ಒಮ್ಮೆ ಕಚೇರಿಯೊಂದರಲ್ಲಿ ಯಾರೋ ಮನೆಯಿಂದ ತಂದು ಸಿಕ್ಕಿಸಿದ್ದ ರೂಟರ್, ಮಹಡಿಗೆಲ್ಲ ತಪ್ಪು ಐಪಿಗಳನ್ನು ಹಂಚತೊಡಗಿತ್ತು. ಅದರ ಮ್ಯಾಕನ್ನು ತೊಂದರೆಗೊಳಗಾದ ಕಂಪ್ಯೂಟರಿನಲ್ಲೇ ನೋಡಿ, ಪೋರ್ಟ್ ಹಿಡಿದು, ದಾಖಲೆಯಲ್ಲಿದ್ದ ಕೊಠಡಿಗೆ ಹೋದರೆ ಅಲ್ಲಿ ಕಡತಗಳ ಬೀರುಗಳಷ್ಟೇ ಇದ್ದವು. ದಸರೆಗೆ ಮುಂಚೆ ಬಣ್ಣ ಬಳಿದವರು ಸಾಕೆಟ್ಟುಗಳ ಮುಚ್ಚಳ ಬಿಚ್ಚಿ, ಚೀಟಿ ಸಮೇತ ಅದಲುಬದಲಾಗಿ ಹಾಕಿದ್ದರು. ಕೊನೆಗೆ ಪೋರ್ಟನ್ನೇ ಬಂದ್ ಮಾಡಿ, ಯಾರು ದೂರು ತರುವರೆಂದು ಕಾದೆ. ಎಲ್ಲ ಕಡೆ ಸಲ್ಲುವ ಉಪಾಯವಲ್ಲ ಇದು; ಆಸ್ಪತ್ರೆಯಂಥ ಜಾಗದಲ್ಲಿ ನಾನಂತೂ ಮಾಡಲಾರೆ. ಐದೇ ನಿಮಿಷದಲ್ಲಿ ಎದುರು ಕೊಠಡಿಯ ಹಿರಿಯ ಗುಮಾಸ್ತರು ಬಂದು, ‘ಇಷ್ಟು ಹೊತ್ತು ನಮಗೊಬ್ಬರಿಗೇ ಚೆನ್ನಾಗಿ ಬರ್ತಿತ್ತು ಸಾರ್, ಈಗ ನಮ್ಮದೂ ಹೋಯ್ತು’ ಎಂದು ಬೇಸರದಿಂದ ಹೇಳಿದರು.