ರೆನ್, ಲಿ, ವು ವೇಯ್: ಚೀನಾದ ಹಳೆಯ ಚಿಂತನೆಗೆ ಒಂದು ಅಧ್ಯಯನ ಟಿಪ್ಪಣಿ

ಈ ಟಿಪ್ಪಣಿಯಲ್ಲಿ ರಾಜವಂಶಗಳ ಪಟ್ಟಿ ಇಲ್ಲ, ಚಿಂತಕರ ಜೀವನಚರಿತ್ರೆಯೂ ಇಲ್ಲ. ಅವು ಯಾವ ಪಠ್ಯಪುಸ್ತಕದಲ್ಲಾದರೂ ಸಿಗುತ್ತವೆ. ಓದುವಾಗ ನಿಜವಾಗಿ ಕಾಲು ಸಿಕ್ಕಿಕೊಳ್ಳುವುದು ಏಳೆಂಟು ಪದಗಳಲ್ಲಿ. ರೆನ್ ಅಂದರೆ ಕರುಣೆ, ಲಿ ಅಂದರೆ ಆಚಾರ, ಟಿಯೆನ್ ಅಂದರೆ ಸ್ವರ್ಗ, ವು ವೇಯ್ ಅಂದರೆ ಏನೂ ಮಾಡದಿರುವುದು ಎಂದು ಬಾಯಿಪಾಠ ಮಾಡಿಕೊಂಡು ಗ್ರಂಥ ತೆರೆದರೆ, ಎರಡನೇ ಪುಟಕ್ಕೇ ಲೆಕ್ಕ ತಪ್ಪುತ್ತದೆ.

ನನ್ನ ಉಪಾಯ ಒಂದೇ. ಪ್ರತಿ ಪದಕ್ಕೂ ಒಂದೊಂದು ಕಥೆ ಗಂಟು ಹಾಕಿಕೊಳ್ಳುವುದು. ಕಥೆ ನಾವು ಹುಟ್ಟಿಸಬೇಕಿಲ್ಲ, ಆ ಗ್ರಂಥಗಳಲ್ಲೇ ಬೇಕಾದಷ್ಟಿವೆ. ಕಥೆಯ ಜೊತೆ ಎರಡು ಪ್ರಶ್ನೆ: ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ? ಯಾರ ಮಾತಿಗೆ ಎದುರಾಗಿ ಹೇಳುತ್ತಿದ್ದಾರೆ?

ರೆನ್, ಜೊತೆಗೆ ಮೊದಲನೇ ಲಿ

ಕನ್ಫ್ಯೂಷಿಯಸ್ (ಕ್ರಿ.ಪೂ. 551–479) ಲು ಎಂಬ ಸಣ್ಣ ರಾಜ್ಯದವನು. ಅವನ ಮಾತುಗಳ ಸಂಗ್ರಹ ಲುನ್ ಯು, ಒಟ್ಟು 20 ಅಧ್ಯಾಯ. ಅದರಲ್ಲಿ 12ನೆಯದನ್ನು ತೆರೆಯಿರಿ. ರೆನ್ ಅಂದರೇನು ಎಂದು ಶಿಷ್ಯ ಯಾನ್ ಯುವಾನ್ ಕೇಳುತ್ತಾನೆ. ತನ್ನನ್ನು ಹಿಡಿತದಲ್ಲಿಟ್ಟುಕೊಂಡು ಲಿಗೆ ಮರಳುವುದು ಎಂದು ಗುರುವಿನ ಉತ್ತರ. ಜೊಂಗ್ ಗೊಂಗ್ ಅದನ್ನೇ ಕೇಳಿದರೆ, ನಿನಗೆ ಬೇಡದ್ದನ್ನು ಇನ್ನೊಬ್ಬರಿಗೆ ಮಾಡಬೇಡ ಎನ್ನುತ್ತಾನೆ. ಸಿಮಾ ನಿಯು ಕೇಳಿದರೆ, ರೆನ್ ಉಳ್ಳವನು ಮಾತಾಡಲು ಹಿಂದೆಮುಂದೆ ನೋಡುತ್ತಾನೆ ಅಷ್ಟೆ. ಫಾನ್ ಚಿಗೆ ಎರಡೇ ಪದ: ಜನರನ್ನು ಪ್ರೀತಿಸು.

ಹಾಗಾದರೆ ವ್ಯಾಖ್ಯೆ ಯಾವುದು? ದಾರಿ ಅದರ ಹಿಂದಿನ ಅಧ್ಯಾಯದಲ್ಲೇ ಇದೆ. ಕೇಳಿದ ಒಳ್ಳೆಯ ಮಾತನ್ನು ಕೂಡಲೇ ಮಾಡಿಬಿಡಬೇಕೇ ಎಂದು ತ್ಸಿ ಲು ಕೇಳಿದಾಗ, ಮನೆಯಲ್ಲಿ ಅಪ್ಪ, ಅಣ್ಣ ಇದ್ದಾರಲ್ಲ, ಹಾಗೆಲ್ಲ ಮಾಡುವುದು ಹೇಗೆ ಎನ್ನುತ್ತಾನೆ ಗುರು. ರಾನ್ ಯು ಅದೇ ಪ್ರಶ್ನೆ ಹಾಕಿದರೆ, ಹೌದು, ಮಾಡು ಎನ್ನುತ್ತಾನೆ. ಪಕ್ಕದಲ್ಲಿದ್ದ ಗೊಂಗ್‌ಶಿ ಹುವಾನಿಗೆ ತಲೆ ಕೆಟ್ಟಿತು. ಗುರು ಬಿಡಿಸಿ ಹೇಳುತ್ತಾನೆ: ರಾನ್ ಯು ಹಿಂಜರಿಯುವವನು, ಅದಕ್ಕೆ ಮುಂದೆ ತಳ್ಳಿದೆ. ತ್ಸಿ ಲು ಮುನ್ನುಗ್ಗುವವನು, ಅದಕ್ಕೆ ಹಿಡಿದು ನಿಲ್ಲಿಸಿದೆ. ರೆನ್ ಬಗೆಗಿನ ನಾಲ್ಕು ಉತ್ತರಗಳನ್ನೂ ಹೀಗೇ ಓದಬೇಕು. ಅವು ನಾಲ್ಕು ವ್ಯಾಖ್ಯೆಗಳಲ್ಲ, ನಾಲ್ಕು ಜನರಿಗೆ ಕೊಟ್ಟ ನಾಲ್ಕು ಸಲಹೆಗಳು. ಮನುಷ್ಯ ಮನುಷ್ಯನ ಜೊತೆ ಪೂರ್ತಿ ಮನುಷ್ಯನಾಗಿ ನಡೆದುಕೊಳ್ಳುವುದು ರೆನ್. ಯಾರಿಗೆ ಅದರ ಯಾವ ತುದಿ ಕಡಿಮೆಯಿದೆಯೋ ಅವರಿಗೆ ಅದನ್ನು ಎತ್ತಿ ಹೇಳುತ್ತಾನೆ.

ಲಿ ಅಂದರೆ ಪೂಜೆ, ಹಬ್ಬ, ಸಾವಿನ ಸೂತಕದಿಂದ ಹಿಡಿದು ಹಿರಿಯರೆದುರು ಹೇಗೆ ನಿಲ್ಲಬೇಕು ಎನ್ನುವವರೆಗಿನ ನಡಾವಳಿ. ಇದು ಬರೀ ಮಡಿವಂತಿಕೆ ಅನ್ನಿಸಿದರೆ ಟೋಪಿಯ ಮಾತು ನೆನಪಿಡಿ (9ನೇ ಅಧ್ಯಾಯ). ಲಿ ಪ್ರಕಾರ ಟೋಪಿ ನಾರಿನದಾಗಿರಬೇಕು. ಈಗ ಎಲ್ಲರೂ ರೇಷ್ಮೆಯದು ಹಾಕುತ್ತಾರೆ, ಅದು ಅಗ್ಗ, ನಾನೂ ಅವರ ಹಾಗೇ ಎನ್ನುತ್ತಾನೆ ಕನ್ಫ್ಯೂಷಿಯಸ್. ಆದರೆ ಅರಸನಿಗೆ ಮೆಟ್ಟಿಲ ಕೆಳಗೆ ನಿಂತು ನಮಸ್ಕರಿಸಬೇಕು. ಈಗಿನವರು ಮೇಲೆ ಹತ್ತಿದ ಮೇಲೆ ನಮಸ್ಕರಿಸುತ್ತಾರೆ. ಅದು ಸೊಕ್ಕು. ಅಲ್ಲಿ ಮಾತ್ರ ಎಲ್ಲರಿಗೂ ವಿರುದ್ಧವಾಗಿ ನಾನು ಕೆಳಗೇ ನಿಲ್ಲುತ್ತೇನೆ. ಅಂದರೆ ಬಟ್ಟೆ ಬದಲಾದರೆ ಅವನಿಗೆ ಚಿಂತೆಯಿಲ್ಲ. ಗೌರವ ಬದಲಾದರೆ ಬಿಡುವುದಿಲ್ಲ.

ಯಿನ್-ಯಾಂಗ್, ಐದು ಶಿಂಗ್: ಬೇಗ ಮುಗಿಸೋಣ

ಯಿನ್ ಕೆಟ್ಟದ್ದು, ಯಾಂಗ್ ಒಳ್ಳೆಯದು ಎಂದು ಬರೆದರೆ ಅಂಕ ಹೋದಂತೆಯೇ. ಊರ ಹೆಸರುಗಳಿಂದ ಇದು ಸಲೀಸಾಗಿ ನೆನಪಿರುತ್ತದೆ. ಬಿಸಿಲು ಬೀಳುವ ಮಗ್ಗುಲು ಯಾಂಗ್, ನೆರಳಿನ ಮಗ್ಗುಲು ಯಿನ್. ಚೀನಾದಲ್ಲಿ ಬಿಸಿಲು ದಕ್ಷಿಣದಿಂದ ಬರುತ್ತದೆ. ಹಾಗಾಗಿ ಬೆಟ್ಟದ ದಕ್ಷಿಣ ಯಾಂಗ್, ಹೊಳೆಯ ಉತ್ತರ ದಡ ಯಾಂಗ್. ಲುವೋ ನದಿಯ ಉತ್ತರಕ್ಕಿರುವ ಊರು ಲುವೋಯಾಂಗ್. ಹುವಾ ಪರ್ವತದ ಉತ್ತರಕ್ಕಿರುವುದು ಹುವಾಯಿನ್. ಒಂದೇ ಬೆಟ್ಟದ ಎರಡು ಮಗ್ಗುಲು, ಒಂದನ್ನು ಬಿಟ್ಟು ಇನ್ನೊಂದಿಲ್ಲ. ಹಾಗಂತ ಎರಡೂ ಯಾವಾಗಲೂ ಸಮ ಎಂದೂ ಬರೆಯಬೇಡಿ. ಹಾನ್ ರಾಜವಂಶದ ಕಾಲದ ಪಂಡಿತ ದೊಂಗ್ ಜೊಂಗ್‌ಶು ಯಾಂಗನ್ನು ಮೇಲಿಟ್ಟು, ಅರಸ, ತಂದೆ, ಗಂಡ ಯಾಂಗ್. ಮಂತ್ರಿ, ಮಗ, ಹೆಂಡತಿ ಯಿನ್ ಎಂದು ಸಾಲು ಹಚ್ಚಿದ.

ಐದು ಶಿಂಗ್, ಅಂದರೆ ಐದು ನಡೆಗಳು: ಮರ, ಬೆಂಕಿ, ಮಣ್ಣು, ಲೋಹ, ನೀರು. ನಮಗೆ ತಕ್ಷಣ ಪಂಚಭೂತ ನೆನಪಾಗುತ್ತದೆ, ಅಲ್ವಾ? ಆ ಹೋಲಿಕೆ ಬೇಡ. ಪಂಚಭೂತದ ಪ್ರಶ್ನೆ ವಸ್ತು ಯಾವುದರಿಂದ ಆಗಿದೆ ಎಂಬುದು. ಇಲ್ಲಿಯ ಪ್ರಶ್ನೆ ಯಾವುದರ ನಂತರ ಯಾವುದು ಬರುತ್ತದೆ, ಯಾವುದು ಯಾವುದನ್ನು ಗೆಲ್ಲುತ್ತದೆ ಎಂಬುದು. ಕ್ರಿ.ಪೂ. 221ರಲ್ಲಿ ಇಡೀ ದೇಶ ಗೆದ್ದ ಚಿನ್ ಅರಸ, ಹಿಂದೆ ಆಳಿದ ಝೋವುಗಳದ್ದು ಬೆಂಕಿ, ನನ್ನದು ನೀರು ಎಂದು ಕಪ್ಪು ಬಣ್ಣವನ್ನೂ ಆರರ ಸಂಖ್ಯೆಯನ್ನೂ ಆರಿಸಿಕೊಂಡದ್ದು ಈ ಲೆಕ್ಕದಲ್ಲೇ.

ವು ವೇಯ್: ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು

ಕಾರಣ ಎರಡು. ಮೊದಲನೆಯದು, ಭಗವದ್ಗೀತೆ ಕೇಳಿ ಬೆಳೆದ ಕಿವಿಗೆ ವು ವೇಯ್ ಅಂದ ಕೂಡಲೇ ನಿಷ್ಕಾಮ ಕರ್ಮ ಕೇಳಿಸುತ್ತದೆ. ಎರಡನೆಯದು, ಒಂದೇ ಪದವನ್ನು ಒಬ್ಬರಿಗೊಬ್ಬರು ಒಪ್ಪದ ಪಂಗಡಗಳು ಹಂಚಿಕೊಂಡಿವೆ.

ಗೀತೆಯದನ್ನು ಮೊದಲು ಬಿಡಿಸೋಣ. ಅರ್ಜುನನ ತೊಡಕು ಕರ್ಮದ ಬಂಧನ. ಉತ್ತರ: ನಿನ್ನ ಕೆಲಸ ಮಾಡು, ಫಲದ ಮೇಲಿನ ಆಸೆ ಬಿಡು. ಅಲ್ಲಿ ಕೆಲಸ ಕಡಿಮೆಯಾಗುವುದಿಲ್ಲ, ಯುದ್ಧ ಪೂರ್ತಿಯೇ ನಡೆಯುತ್ತದೆ. ಬದಲಾಗುವುದು ಮಾಡುವವನ ಮನಸ್ಸು. ಈಗ ಲಾವೋತ್ಸೆಯದು ಎನ್ನಲಾಗುವ ಗ್ರಂಥ ದಾವ್ (ಅಂದರೆ ದಾರಿ) ದ ಜಿಂಗ್‌ನ 48ನೇ ಅಧ್ಯಾಯ ನೋಡಿ. ಕಲಿಕೆಯಲ್ಲಿ ದಿನದಿನಕ್ಕೆ ಸೇರಿಸುತ್ತ ಹೋಗುತ್ತೇವೆ, ದಾವ್‌ನಲ್ಲಿ ದಿನದಿನಕ್ಕೆ ಕಳೆಯುತ್ತ ಹೋಗುತ್ತೇವೆ. ಕಳೆಯುತ್ತ ಕಳೆಯುತ್ತ ವು ವೇಯ್ ತಲುಪಿದರೆ, ಆಗದೆ ಉಳಿಯುವುದು ಏನೂ ಇಲ್ಲ. ಕೊನೆಯ ತುಂಡಿಗೆ ಗೆರೆ ಎಳೆದುಕೊಳ್ಳಿ. ಆಗದೆ ಉಳಿಯುವುದು ಏನೂ ಇಲ್ಲ! ಲಾವೋತ್ಸೆಗೆ ಫಲ ಬೇಕೇ ಬೇಕು. ಅವನು ಬಿಡು ಎನ್ನುವುದು ಫಲವನ್ನಲ್ಲ, ಕೈ ಹಾಕುವುದನ್ನು. ಗೀತೆಯಲ್ಲಿ ಕೆಲಸ ಉಳಿದು ಆಸೆ ಕಳೆಯುತ್ತದೆ. ಇಲ್ಲಿ ಕೈ ಹಾಕುವುದು ಕಡಿಮೆಯಾದಷ್ಟೂ ಕೆಲಸ ಚೆನ್ನಾಗಿ ಆಗುತ್ತದೆ.

ಆದರೆ ಯಾರು ಕೈ ಹಾಕಬಾರದು? ಇಲ್ಲೇ "ಯಾರು ಯಾರಿಗೆ" ಎಂಬ ಪ್ರಶ್ನೆ ಬೇಕಾಗುವುದು. ದಾವ್ ದ ಜಿಂಗ್‌ನ ಹೆಚ್ಚಿನ ಬುದ್ಧಿಮಾತು ಆಳುವವನಿಗೆ. ದೊಡ್ಡ ರಾಜ್ಯ ಆಳುವುದು ಸಣ್ಣ ಮೀನು ಬೇಯಿಸಿದಂತೆ (60); ಪದೇ ಪದೇ ಸೌಟು ಆಡಿಸಿದರೆ ಮೀನು ಪುಡಿಪುಡಿ. ನಿಷೇಧ ಹೆಚ್ಚಿದಷ್ಟೂ ಜನ ಬಡವರಾಗುತ್ತಾರೆ, ಕಾನೂನು ಹೆಚ್ಚಿದಷ್ಟೂ ಕಳ್ಳರು ಹೆಚ್ಚುತ್ತಾರೆ (57). ಮೇಲಿನವರು ತೆರಿಗೆಯನ್ನು ಅತಿಯಾಗಿ ತಿಂದುದರಿಂದ ಜನ ಹಸಿದಿದ್ದಾರೆ (75). ರಾಜ್ಯ ರಾಜ್ಯಗಳು ಹೊಡೆದಾಡುತ್ತ, ಸೈನ್ಯಕ್ಕೆ ಜನ, ಖಜಾನೆಗೆ ಕಾಳು ಎಳೆಯುತ್ತಿದ್ದ ಕಾಲದ ಮಾತು ಇದು. ಗುಹೆಯಲ್ಲಿ ಕೂತ ಸನ್ಯಾಸಿಗೆ ಹೇಳಿದ್ದು ಎಂದು ಓದಿದರೆ ಅದರ ಖಾರ ಹೋಗುತ್ತದೆ.

ಇದು ಬರೀ ಪುಸ್ತಕದ ಮಾತಾಗಿಯೂ ಉಳಿಯಲಿಲ್ಲ. ಹಾನ್ ರಾಜವಂಶದ ಮೊದಲ ಮಂತ್ರಿ ಶಿಯಾವೊ ಹೆ ಕ್ರಿ.ಪೂ. 193ರಲ್ಲಿ ತೀರಿಕೊಂಡ. ಅವನ ಜಾಗಕ್ಕೆ ಬಂದ ತ್ಸಾವೊ ತ್ಸಾನ್ ಹೊಸದೇನನ್ನೂ ಮಾಡದೆ ಹಗಲೂ ರಾತ್ರಿ ಕುಡಿಯುತ್ತ ಕೂತ. ಯುವ ಚಕ್ರವರ್ತಿಗೆ ಸಿಟ್ಟು ಬಂತು. ತ್ಸಾನ್ ಕೇಳಿದ: ನೀವು ನಿಮ್ಮ ತಂದೆಗೆ ಸಮವೇ? ಅಲ್ಲ. ನಾನು ಶಿಯಾವೊ ಹೆಗೆ ಸಮವೇ? ಹಾಗೆ ಕಾಣುವುದಿಲ್ಲ. ಅವರಿಬ್ಬರೂ ಕಾನೂನು ಸರಿಯಾಗಿ ಹಾಕಿಕೊಟ್ಟು ಹೋಗಿದ್ದಾರೆ, ನಾವು ಅದನ್ನು ಕೆಡಿಸದೆ ಕಾಯ್ದರೆ ಸಾಲದೇ? ದಶಕಗಟ್ಟಲೆ ಯುದ್ಧ ಕಂಡು ಬಳಲಿದ್ದ ಜನ ಅವನನ್ನು ಹೊಗಳಿದರು. ಕುಡಿತ ಅವನ ಸ್ವಂತದ್ದು, ಅದನ್ನು ವು ವೇಯ್ ಖಾತೆಗೆ ಬರೆಯಬೇಡಿ.

ಈಗ ಕನ್ಫ್ಯೂಷಿಯಸ್ ಕಡೆ. ಲುನ್ ಯುವಿನಲ್ಲೂ ವು ವೇಯ್ ಒಂದು ಸಲ ಬರುತ್ತದೆ, 15ನೇ ಅಧ್ಯಾಯದಲ್ಲಿ. ವು ವೇಯ್‌ನಿಂದ ಆಳಿದವನು ಶುನ್ ಅಲ್ಲವೇ? ಅವನು ಮಾಡಿದ್ದೇನು, ಗಂಭೀರವಾಗಿ ದಕ್ಷಿಣಕ್ಕೆ ಮುಖ ಮಾಡಿ ಕೂತದ್ದು, ಅಷ್ಟೆ. ಶುನ್ ಪುರಾಣಕಾಲದ ಆದರ್ಶ ಅರಸ; ದಕ್ಷಿಣಕ್ಕೆ ಮುಖ ಮಾಡುವುದು ಅರಸನ ಜಾಗ. ಇಲ್ಲಿ ರಾಜ್ಯ ನಡೆಯುವುದು ಅವನ ಗುಣದ ಸೆಳೆತದಿಂದ, ಧ್ರುವ ನಕ್ಷತ್ರ ಅಲ್ಲಾಡದೆ ಇದ್ದು ಉಳಿದವು ಸುತ್ತ ತಿರುಗಿದ ಹಾಗೆ (2ನೇ ಅಧ್ಯಾಯದ ಮೊದಲ ಮಾತು). ಶುನ್ ಲಿಯನ್ನು ಬಿಟ್ಟಿಲ್ಲ, ಅದರಲ್ಲೇ ಪಳಗಿದ್ದಾನೆ. ಲಾವೋತ್ಸೆಗೋ ಲಿ ಅಂದರೆ ಪ್ರಾಮಾಣಿಕತೆ ತೆಳುವಾದ ಮೇಲೆ ಉಳಿಯುವ ಸಿಪ್ಪೆ (38). ಪದ ಅದೇ, ಜಗಳ ಜೋರು.

ಕಟ್ಟುನಿಟ್ಟಿನ ಕಾನೂನೇ ಬೇಕೆನ್ನುವ ಪಂಗಡದ ಹಾನ್ ಫೇಯ್ (ಸಾವು ಕ್ರಿ.ಪೂ. 233) ಕೈಗೆ ಸಿಕ್ಕಾಗ ಇದೇ ಮಾತು ತಣ್ಣಗೆ ಕೊರೆಯುತ್ತದೆ. ಅರಸ ತನ್ನ ಇಷ್ಟಾನಿಷ್ಟ ತೋರಿಸಬಾರದು, ಕೆಲಸವನ್ನೂ ತಾನು ಮಾಡಬಾರದು. ಯಾರಿಗೆ ಯಾವ ಹುದ್ದೆ, ಅವರು ಅಷ್ಟನ್ನೇ ಮಾಡಿದರೋ ಎಂದು ತಾಳೆ ನೋಡಬೇಕು. ಅವನು ಹೇಳುವ ಕಥೆ: ಹಾನ್ ರಾಜ್ಯದ (ಹಾನ್ ರಾಜವಂಶ ಬೇರೆ) ಅರಸ ಝಾವೊ ಕುಡಿದು ಮಲಗಿದ್ದ. ಚಳಿಯಾದೀತು ಎಂದು ಕಿರೀಟ ನೋಡಿಕೊಳ್ಳುವವನು ಹೊದಿಕೆ ಹೊದಿಸಿದ. ಎದ್ದ ಅರಸ ಇಬ್ಬರನ್ನೂ ಶಿಕ್ಷಿಸಿದ. ಬಟ್ಟೆ ನೋಡಿಕೊಳ್ಳುವವನನ್ನು ತನ್ನ ಕೆಲಸ ಮಾಡದ್ದಕ್ಕೆ, ಕಿರೀಟದವನನ್ನು ತನ್ನದಲ್ಲದ ಕೆಲಸ ಮಾಡಿದ್ದಕ್ಕೆ. ಚಳಿ ಅವನಿಗೂ ಬೇಡವಾಗಿತ್ತು. ಆದರೆ ಹುದ್ದೆ ಮೀರುವುದು ಚಳಿಗಿಂತ ಕೆಟ್ಟದ್ದು ಎಂದುಕೊಂಡ. ಲಾವೋತ್ಸೆಯ ಅರಸ ಜನರನ್ನು ಅವರ ಪಾಡಿಗೆ ಬಿಡುತ್ತಾನೆ. ಹಾನ್ ಫೇಯ್‌ನ ಅರಸ ಸುಮ್ಮನೆ ಕೂತಿರುವುದು ಹೊಂಚು ಹಾಕಲು. "ವು ವೇಯ್ ಎಂದರೆ ಸ್ವಾತಂತ್ರ್ಯ" ಎಂದು ಉತ್ತರ ಬರೆಯುವ ಮೊದಲು ಈ ಕಿರೀಟದವನನ್ನು ನೆನೆಸಿಕೊಳ್ಳಿ.

ಇನ್ನು ಎಲ್ಲರಿಗೂ ಗೊತ್ತಿರುವ ಅಡುಗೆಯವ ದಿಂಗ್. ಲಾವೋತ್ಸೆಯ ಪಂಗಡದ್ದೇ ಆದ ಜುವಾಂಗ್‌ಜಿ ಗ್ರಂಥದ 3ನೇ ಅಧ್ಯಾಯ. ದಿಂಗ್ ಎತ್ತನ್ನು ಕೊಯ್ದರೆ ಕುಣಿತದ ಲಯ. ಸಾಧಾರಣ ಅಡುಗೆಯವ ತಿಂಗಳಿಗೊಂದು ಕತ್ತಿ ಬದಲಾಯಿಸುತ್ತಾನೆ, ಒಳ್ಳೆಯವ ವರ್ಷಕ್ಕೊಂದು. ದಿಂಗ್‌ನ ಕತ್ತಿಗೆ 19 ವರ್ಷ, ಅಲಗು ಈಗ ಸಾಣೆ ಹಿಡಿದ ಹಾಗಿದೆ. ಕೀಲುಗಳ ನಡುವೆ ಸಂದು ಇದೆ, ಅಲಗಿಗೆ ದಪ್ಪ ಇಲ್ಲ, ತೂರಲು ಬೇಕಾದಷ್ಟು ಜಾಗ. ತೊಡಕಿನ ಜಾಗ ಬಂದರೆ ಮಾತ್ರ ನಿಧಾನಿಸಿ, ಕಣ್ಣು ನೆಟ್ಟು, ಕತ್ತಿಯನ್ನು ಚೂರೇ ಚೂರು ಆಡಿಸುತ್ತಾನೆ. ಎರಡು ಸಂಗತಿ ಗಮನಿಸಿ. ಒಂದು, ವು ವೇಯ್ ಎಂಬ ಪದ ಈ ಕಥೆಯಲ್ಲಿ ಇಲ್ಲವೇ ಇಲ್ಲ, ಜೋಡಿಸಿದ್ದು ಓದುಗರು. ಎರಡು, ಇಲ್ಲಿ ಆಳ್ವಿಕೆಯಿಲ್ಲ. ಪಳಗಿದ ಕೈ ಇದೆ, ಪಳಗಲು ವರ್ಷಗಳು ಹಿಡಿದಿವೆ. ಸೈಕಲ್ ಕಲಿತವರಿಗೆ ಗೊತ್ತು, ಹ್ಯಾಂಡಲ್ ಬಿಗಿ ಹಿಡಿದಷ್ಟೂ ಬೀಳುತ್ತೇವೆ. ಹಾಗಂತ ಹತ್ತದೇ ಇದ್ದರೆ ಕಲಿಯುವುದೂ ಇಲ್ಲ.

ಕನ್ಫ್ಯೂಷಿಯಸ್ ಪಂಗಡದ ಮೆನ್ಷಿಯಸ್ ಈ ಪದ ಬಳಸದಿದ್ದರೂ ಅವನ ಪೈರಿನ ಕಥೆ ನನಗೆ ಇಲ್ಲಿ ಜಾಸ್ತಿ ನೆರವಾಯಿತು. ಸುಂಗ್ ರಾಜ್ಯದ ಒಬ್ಬ ರೈತ, ಸಸಿ ಬೆಳೆಯುತ್ತಿಲ್ಲವಲ್ಲ ಎಂದು ಒಂದೊಂದನ್ನೇ ಮೇಲಕ್ಕೆ ಎಳೆದ. ಮನೆಗೆ ಬಂದು, ಇವತ್ತು ಸುಸ್ತಾಯಿತು, ಸಸಿ ಬೆಳೆಯಲು ಸಹಾಯ ಮಾಡಿದೆ ಎಂದ. ಮಗ ಓಡಿ ಹೋಗಿ ನೋಡಿದರೆ ಎಲ್ಲ ಒಣಗಿತ್ತು. ಈ ಕಥೆಗೆ ಒಂದು ಬಾಲವಿದೆ, ಅದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ: ಪ್ರಯೋಜನವಿಲ್ಲ ಎಂದು ಕಳೆ ಕೀಳದವನೂ ತಪ್ಪುಗಾರನೇ. ಎಳೆಯುವುದೂ ಬೇಡ, ಕಳೆ ಬಿಡುವುದೂ ಬೇಡ. ವು ವೇಯ್ ಅಂದರೆ ಸೋಮಾರಿತನವೇ ಎಂದು ಯಾರಾದರೂ ಕೇಳಿದರೆ ನಾನು ಈ ಬಾಲವನ್ನೇ ಹೇಳುತ್ತೇನೆ.

ಬೌದ್ಧ ಗ್ರಂಥಗಳನ್ನು ಚೀನೀಗೆ ತಂದ ಮೊದಮೊದಲ ಅನುವಾದಕರು ನಿರ್ವಾಣಕ್ಕೂ ವು ವೇಯ್ ಎಂದೇ ಬರೆದರು. ಅಲ್ಲಿಂದಾಚೆ ಗೊಂದಲಕ್ಕೆ ನಾವೊಬ್ಬರೇ ಕಾರಣರಲ್ಲ!

ಟಿಯೆನ್, ಶಿಂಗ್

ಟಿಯೆನ್‌ಗೆ ಸ್ವರ್ಗ ಎಂದರೆ ಪುಣ್ಯವಂತರು ಹೋಗುವ ಜಾಗ ಎಂಬ ಅರ್ಥ ಅಂಟಿಕೊಳ್ಳುತ್ತದೆ. ಶಾಂಗ್ ಅರಸರನ್ನು ಸೋಲಿಸಿದ ಝೋವುಗಳು, ಕೆಟ್ಟ ಅರಸನಿಂದ ಟಿಯೆನ್ ತನ್ನ ಆಜ್ಞೆ ಹಿಂದಕ್ಕೆ ಪಡೆಯಿತು ಎಂದರು. ಅದು ಒಂದು ತುದಿ. ಇನ್ನೊಂದು ತುದಿ, ಕನ್ಫ್ಯೂಷಿಯಸ್ ಪಂಗಡದವನೇ ಆದ ಶುನ್‌ಜಿ. ಪ್ರಾರ್ಥನೆ ಮಾಡಿದೆವು, ಮಳೆ ಬಂತು, ಯಾಕೆ? ಯಾಕೂ ಇಲ್ಲ, ಪ್ರಾರ್ಥಿಸದೆಯೂ ಬರುತ್ತದಲ್ಲ, ಹಾಗೇ. ಆದರೂ ಪ್ರಾರ್ಥನೆ ನಿಲ್ಲಿಸಿ ಎನ್ನುವುದಿಲ್ಲ ಅವನು. ತಿಳಿದವರಿಗೆ ಅದು ಬದುಕಿನ ಅಂದ, ತಿಳಿಯದವರಿಗೆ ದೇವರ ಕೆಲಸ.

ಶಿಂಗ್ ಅಂದರೆ ಹುಟ್ಟುಗುಣ (ಐದು ಶಿಂಗ್‌ನ ಶಿಂಗ್ ಬೇರೆ). ಮೆನ್ಷಿಯಸ್ ಒಳ್ಳೆಯದು ಎಂದ, ಶುನ್‌ಜಿ ಕೆಟ್ಟದ್ದು ಎಂದ, ಇಷ್ಟಕ್ಕೇ ನಿಲ್ಲಿಸಬೇಡಿ. ಬಾವಿಗೆ ಬೀಳಲಿರುವ ಮಗುವನ್ನು ಕಂಡರೆ ಯಾರಿಗಾದರೂ ಎದೆ ಧಸಕ್ ಎನ್ನುತ್ತದೆ. ಮೆನ್ಷಿಯಸ್‌ಗೆ ಅದು ಮೊಳಕೆ, ಮರವಲ್ಲ. ಶುನ್‌ಜಿಗೆ ಮನುಷ್ಯ ಸೊಟ್ಟ ಮರ, ಹಬೆ ಹಾಯಿಸಿ ಒತ್ತಿ ನೆಟ್ಟಗೆ ಮಾಡಬೇಕು. ಆದರೆ ಯಾರು ಬೇಕಾದರೂ ಮಹಾತ್ಮರಾಗಬಹುದು ಎಂಬುದನ್ನು ಇಬ್ಬರೂ ಒಪ್ಪುತ್ತಾರೆ.

ಎರಡನೇ ಲಿ, ಮತ್ತು ಚಿ

ಕನ್ನಡ ಲಿಪಿಯಲ್ಲಿ ಎರಡೂ ಲಿ ಒಂದೇ ಥರ ಕಾಣುತ್ತವೆ, ಚೀನೀಯಲ್ಲಿ ಅಕ್ಷರಗಳೇ ಬೇರೆ. ನನ್ನ ನೋಟ್‌ಬುಕ್‌ನಲ್ಲಿ ಇವು "ನಡಾವಳಿ ಲಿ" ಮತ್ತು "ಎಳೆ ಲಿ". ಎರಡನೆಯದು ಕಲ್ಲಿನಲ್ಲಿ, ಮರದಲ್ಲಿ ಇರುವ ಎಳೆ, ವಸ್ತು ಹಾಗಿರಲು ಇರುವ ಒಳಗಿನ ಕ್ರಮ. ಅಡುಗೆಯವ ದಿಂಗ್ ತನ್ನ ಕತ್ತಿ ಟಿಯೆನ್‌ನ ಲಿಯನ್ನು ಅನುಸರಿಸುತ್ತದೆ ಎನ್ನುವಾಗ ಇರುವುದು ಈ ಲಿ. ಚಿ ಅಂದರೆ ಆವಿ, ಉಸಿರು, ಎಲ್ಲವೂ ಆಗಿರುವ ದ್ರವ್ಯ. ಅದು ಕೂಡಿದರೆ ಹುಟ್ಟು, ಚದುರಿದರೆ ಸಾವು ಎನ್ನುತ್ತದೆ ಜುವಾಂಗ್‌ಜಿ. ಪ್ರಾಣ ಎಂದರೆ ಪೂರ್ತಿ ಸಾಲದು, ಯಾಕೆಂದರೆ ಕಲ್ಲೂ ಚಿಯೇ.

ಕನ್ಫ್ಯೂಷಿಯಸ್ ಪಂಗಡದ ಝು ಶಿ (1130–1200) ಎರಡನ್ನೂ ಸೇರಿಸಿ ದೊಡ್ಡ ಕಟ್ಟಡ ಕಟ್ಟಿದ: ಪ್ರತಿ ವಸ್ತುವಿಗೂ ಲಿ ಇದೆ, ಚಿ ಅದಕ್ಕೆ ಮೈ ಕೊಡುತ್ತದೆ, ವಸ್ತುಗಳನ್ನು ಒಂದೊಂದಾಗಿ ಪರಿಶೀಲಿಸುತ್ತ ಲಿಯನ್ನು ಅರಿಯಬೇಕು. 14ನೇ ಶತಮಾನದ ಆರಂಭದಿಂದ 1905ರವರೆಗೆ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಹಳೆಯ ಗ್ರಂಥಗಳಿಗೆ ಅವನು ಬರೆದ ಟೀಕೆಗಳೇ ಆಧಾರ. ವಸ್ತುಗಳನ್ನು ಪರಿಶೀಲಿಸಬೇಕು ಎಂಬ ಅವನ ಮಾತನ್ನು ಅಕ್ಷರಶಃ ನಂಬಿದ ವಾಂಗ್ ಯಾಂಗ್‌ಮಿಂಗ್ (1472–1529) ಯುವಕನಾಗಿದ್ದಾಗ ಬಿದಿರಿನ ಲಿ ತಿಳಿಯಲು ಅದರ ಮುಂದೆ ಏಳು ದಿನ ಕೂತ. ಲಿ ಸಿಗಲಿಲ್ಲ, ಕಾಯಿಲೆ ಬಿದ್ದ. ಮುಂದೆ 1508ರ ಹೊತ್ತಿಗೆ, ಗಡಿಪಾರಾಗಿ ಲಾಂಗ್‌ಚಾಂಗ್ ಎಂಬ ಕಾಡುಪ್ರದೇಶದಲ್ಲಿದ್ದಾಗ, ಲಿ ಹೊರಗಿನ ವಸ್ತುವಿನಲ್ಲಿಲ್ಲ, ಮನಸ್ಸಿನಲ್ಲೇ ಇದೆ ಎಂದು ತೀರ್ಮಾನಿಸಿದ. ಝು ಶಿ ಮತ್ತು ವಾಂಗ್ ನಡುವಿನ ವ್ಯತ್ಯಾಸ ಬರೆಯಿರಿ ಎಂದು ಕೇಳಿದರೆ ಬಿದಿರಿನಿಂದಲೇ ಶುರು ಮಾಡಿ; ಉಳಿದ ಉತ್ತರ ಅದರ ಹಿಂದೆಯೇ ಬರುತ್ತದೆ.