ಚಿನ್ನ ಹುಡುಕಲು ವಾಟರ್‌ಪ್ರೂಫ್ ಡಿಟೆಕ್ಟರ್ ಬೇಕೇ ಬೇಕಾ?

ಆಸ್ಟ್ರೇಲಿಯಾದ ಬೆಂಡಿಗೊ, ಬ್ಯಾಲರಟ್ ಕಡೆ ರಜೆಯಲ್ಲಿ ಚಿನ್ನ ಹುಡುಕಲು ಹೊರಡುವ ನಮ್ಮವರು ನನ್ನನ್ನು ಮೊದಲು ಕೇಳುವುದು, ‘ಈ ಮೆಟಲ್ ಡಿಟೆಕ್ಟರ್ ವಾಟರ್‌ಪ್ರೂಫಾ ಸರ್?’ ಅಂತ. ಯಾವ ಭಾಗ ಅಂತ ನಾನು ತಿರುಗಿ ಕೇಳುತ್ತೇನೆ. ನೆಲದ ಮೇಲೆ ಆಡಿಸುವ ಕಾಯಿಲ್ ಹೆಚ್ಚಿನ ಮೆಷಿನ್‌ಗಳಲ್ಲಿ ನೀರು ತಡೆಯುತ್ತದೆ. ಎಲೆಕ್ಟ್ರಾನಿಕ್ಸ್ ಇರುವ ಕಂಟ್ರೋಲ್ ಬಾಕ್ಸ್ ಮುಳುಗಬಹುದಾ ಅನ್ನುವುದೇ ಪ್ರಶ್ನೆ. ಮೈನ್‌ಲ್ಯಾಬ್‌ನ ಜಿಪಿಎಕ್ಸ್ 6000, ಗ್ಯಾರೆಟ್‌ನ ಆಕ್ಸಿಯಮ್ ಎರಡೂ ದುಬಾರಿ. ಆದರೂ ಬಾಕ್ಸ್ ಮುಳುಗಿಸುವಂತಿಲ್ಲ.

ಪೂರ್ತಿ ಮುಳುಗುವ ಮೆಷಿನ್‌ಗಳ ಪೈಪೋಟಿ ಜೋರಾಗಿರುವುದು ವಿಎಲ್‌ಎಫ್‌ನಲ್ಲಿ, ಅಂದರೆ ನೆಲಕ್ಕೆ ಸಿಗ್ನಲ್ ಬಿಡದೆ ಕಳಿಸುತ್ತಲೇ ಇರುವ ಸಾಮಾನ್ಯ ಬಗೆಯಲ್ಲಿ. 2018ರಲ್ಲಿ ಟರ್ಕಿಯ ನೋಕ್ಟಾ ಕಂಪನಿ ಗೋಲ್ಡ್ ಕ್ರೂಸರ್ ತಂದಿತು. ಫ್ರೀಕ್ವೆನ್ಸಿ 61 ಕಿಲೋಹರ್ಟ್ಸ್, ನೀರಿನಲ್ಲಿ 5 ಮೀಟರ್ ಆಳದವರೆಗೆ ಮುಳುಗಿಸಬಹುದು. ಅದೇ ವರ್ಷ ಬಂದ ಮೈನ್‌ಲ್ಯಾಬ್ ಈಕ್ವಿನಾಕ್ಸ್ 800ಕ್ಕೆ 3 ಮೀಟರ್. ಫ್ರಾನ್ಸಿನ ಎಕ್ಸ್‌ಪಿ ಡಿಯುಸ್ 2 ಅಂತೂ 20 ಮೀಟರ್ ಇಳಿಯುತ್ತದೆ. ಹಳ್ಳದಲ್ಲಿ ಹುಡುಕುವವನಿಗೆ 20 ಮೀಟರ್ ಯಾಕೆ, ಅಲ್ವಾ? ಹೆಚ್ಚಿನ ಫ್ರೀಕ್ವೆನ್ಸಿ ಸಣ್ಣ ಚೂರು ಹಿಡಿಯಲು ಒಳ್ಳೆಯದು. ಉಪ್ಪುನೀರಿನಲ್ಲಿ ಮಾತ್ರ ಸುಮ್ನೆ ಕಿರುಚುತ್ತಲೇ ಇರುತ್ತದೆ.

ಕಷ್ಟ ಇರುವುದು ಕಬ್ಬಿಣದಂಶ ಜಾಸ್ತಿ ಇರುವ ಕೆಂಪು ನೆಲದಲ್ಲಿ. ಅಲ್ಲಿ ವಿಎಲ್‌ಎಫ್ ಮೆಷಿನ್ ಮಣ್ಣಿಗೇ ಕೂಗುತ್ತದೆ. ಅದಕ್ಕೆ ಪಲ್ಸ್ ಇಂಡಕ್ಷನ್, ಅಂದರೆ ಸಿಗ್ನಲ್ ಬಿಟ್ಟು ಬಿಟ್ಟು ಕಳಿಸುವ ಮೆಷಿನ್ ಬೇಕು. ಚಿನ್ನಕ್ಕೆಂದೇ ಮಾಡಿದ, ಪೂರ್ತಿ ಮುಳುಗುವ ಪಲ್ಸ್ ಮೆಷಿನ್ ಕೇಳಿದರೆ ನನ್ನ ಬಾಯಿಗೆ ಬರುವ ಹೆಸರು ಎರಡೇ: ಗ್ಯಾರೆಟ್ ಎಟಿಎಕ್ಸ್, ಮೈನ್‌ಲ್ಯಾಬ್ ಎಸ್‌ಡಿಸಿ 2300. ಎರಡಕ್ಕೂ 3 ಮೀಟರ್. ಎರಡರ ಮೂಲವೂ ನೆಲಬಾಂಬ್ ಹುಡುಕುವ ಮಿಲಿಟರಿ ಉಪಕರಣ. ಸೈನಿಕರು ಹೊಳೆ ದಾಟಬೇಕು, ಮಡಚಿ ಹೊರಬೇಕು. ಹಾಗಾಗಿ ಗಟ್ಟಿ ಡಬ್ಬಿ ಮೊದಲೇ ತಯಾರಿತ್ತು, ಚಿನ್ನದವರಿಗೆ ಅದು ಹಾಗೇ ಸಿಕ್ಕಿತು. ತೊಂದರೆಯೂ ಅಲ್ಲಿಂದಲೇ ಬಂತು. ಎಟಿಎಕ್ಸ್ 3 ಕಿಲೋ ದಾಟುತ್ತದೆ, ಸಂಜೆಗೆ ಭುಜ ಹೇಳುತ್ತದೆ. ಎಸ್‌ಡಿಸಿಯ 8 ಇಂಚಿನ ಕಾಯಿಲ್ ಬದಲಿಸಲು ಬರುವುದಿಲ್ಲ.

ಪೂರ್ತಿ ಮುಳುಗುವ ಪಲ್ಸ್ ಮೆಷಿನ್ ಮಾಡಲು ಹೊಸ ಕಂಪನಿಗಳು ಯಾಕೆ ನುಗ್ಗುವುದಿಲ್ಲ? ನನಗನ್ನಿಸುವ ಪ್ರಕಾರ ಗಿರಾಕಿ ಕಡಿಮೆ. ಆಸ್ಟ್ರೇಲಿಯಾದಲ್ಲಿ ಹೆಚ್ಚಿನವರು ಹುಡುಕುವುದು ಒಣನೆಲದಲ್ಲಿ. ಮೊಣಕಾಲುದ್ದ ನೀರಾದರೆ ಕಾಯಿಲ್ ನೆನೆದರೆ ಸಾಕು. ಕಾಲು ಜಾರುವ ಕಲ್ಲುಹಳ್ಳ ನಿಮ್ಮ ಜಾಗವಾದರೆ ಮಾತ್ರ ಪೂರ್ತಿ ಮುಳುಗುವ ಮೆಷಿನ್‌ಗೆ ಹಣ ಹಾಕಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಬ್ಯಾಟರಿ ಮುಚ್ಚಳ ತೆಗೆಸಿ ನೋಡಿ. ರಬ್ಬರ್ ರಿಂಗ್ ಒಣಗಿ ಬಿರಿದಿದ್ದರೆ ಹೊಸದು ಹಾಕಿಸಬಹುದು. ಒಂದು ಕಾಳು ಮರಳು ಅಲ್ಲಿ ಸಿಕ್ಕಿಕೊಂಡರೂ ನೀರು ಒಳಗೆ ಹೋಗುತ್ತದೆ. ಒಳಗಿನ ಪಿನ್‌ಗಳ ಮೇಲೆ ಹಸಿರು ಕಿಲುಬು ಕಂಡರೆ ಬೆಲೆ ಮಾತಾಡಲೇ ಹೋಗಬೇಡಿ.