ಲಂಡನ್ ಬಸ್ಸಿನ ಮೆಟ್ಟಿಲು, ಅಪ್ಪನ ಖಾಕಿ ಪ್ಯಾಂಟು: ವ್ಯಾಯಾಮ ಮತ್ತು ಹೃದಯದ ಬಗ್ಗೆ ಅಧ್ಯಯನ ಟಿಪ್ಪಣಿ

ವ್ಯಾಯಾಮ ಮಾಡಿದ್ರೆ ಹಾರ್ಟಿಗೆ ಒಳ್ಳೇದು ಅಂತ ಎಲ್ರೂ ಹೇಳ್ತಾರೆ, ಆದ್ರೆ ಅದು ಗೊತ್ತಾಗಿದ್ದು ಹೇಗೆ ಅಂತ ಕೇಳಿದ್ರೆ ನಮ್ಮಲ್ಲಿ ಬಹಳ ಜನ ತಡವರಿಸ್ತೀವಿ. ಅದಕ್ಕೇ ಈ ಪಾಠಾನ ಆ ಕಥೆಯಿಂದ್ಲೇ ಶುರು ಮಾಡ್ತೀನಿ, ಅದೊಂದು ತಲೇಲಿ ಕೂತ್ರೆ ಮಿಕ್ಕಿದ್ದು ಬಾಯಿಪಾಠ ಮಾಡೋದೇ ಬೇಕಾಗಲ್ಲ.

ಎರಡನೇ ಮಹಾಯುದ್ಧ ಮುಗಿದ ಸಮಯ, ಬ್ರಿಟನ್ನಲ್ಲಿ ಹಾರ್ಟ್ ಅಟ್ಯಾಕ್ ಜಾಸ್ತಿ ಆಗ್ತಿತ್ತು, ಕಾರಣ ಸರಿಯಾಗಿ ಗೊತ್ತಿರ್ಲಿಲ್ಲ. ಜೆರ್ರಿ ಮಾರಿಸ್ ಅನ್ನೋ ಡಾಕ್ಟರು, ಜನ ಮಾಡೋ ಕೆಲಸಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ ಅಂತ ಹುಡುಕಕ್ಕೆ ಹೊರಟ್ರು. ಅವರಿಗೆ ಸಿಕ್ಕಿದ್ದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸು. ಅದೇ ಬಸ್ಸು, ಅದೇ ರೂಟು, ಇಬ್ಬರು ಕೆಲಸದವ್ರು: ಡ್ರೈವರ್ ಡ್ಯೂಟಿಯ ಹೆಚ್ಚುಕಮ್ಮಿ 90% ಹೊತ್ತು ಕೂತೇ ಇರ್ತಾನೆ, ಕಂಡಕ್ಟರ್ ಟಿಕೆಟ್ ಕೊಡಕ್ಕೆ ಮೇಲೆ ಕೆಳಗೆ ಓಡಾಡ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತಾನೆ. 35ರಿಂದ 64 ವರ್ಷದೊಳಗಿನ ಸುಮಾರು 31,000 ಗಂಡಸರ ಲೆಕ್ಕ ತೆಗೆದು 1953ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಪ್ರಕಟ ಮಾಡಿದ್ರು. ಹಾರ್ಟಿನ ಕಾಯಿಲೆ ಬಂದಿದ್ದು ವರ್ಷಕ್ಕೆ ಸಾವಿರ ಜನಕ್ಕೆ ಡ್ರೈವರ್‌ಗಳಲ್ಲಿ 2.7, ಕಂಡಕ್ಟರ್‌ಗಳಲ್ಲಿ 1.9. ಕಂಡಕ್ಟರ್‌ಗಳಿಗೆ ಬಂದ್ರೂ ಸ್ವಲ್ಪ ವಯಸ್ಸಾದ್ಮೇಲೆ ಬರ್ತಿತ್ತು, ಬಂದ ತಕ್ಷಣ ಸಾಯೋರೂ ಕಡಿಮೆ. ಬಸ್ಸಿಗೆ ಮಾತ್ರ ಹೀಗೋ ಏನೋ ಅಂತ ಪೋಸ್ಟ್ ಆಫೀಸಿನವರನ್ನೂ ನೋಡಿದ್ರು, ನಡ್ಕೊಂಡು ಸೈಕಲ್ ತುಳ್ಕೊಂಡು ಕಾಗದ ಹಂಚೋ ಪೋಸ್ಟ್‌ಮ್ಯಾನ್‌ಗಳಿಗಿಂತ ಕೂತು ಕೆಲಸ ಮಾಡೋ ಗುಮಾಸ್ತರಲ್ಲೇ ತೊಂದರೆ ಜಾಸ್ತಿ.

ಇಲ್ಲಿ ಒಂದು ಪ್ರಶ್ನೆ ಬರ್ಲೇಬೇಕು, ಬರ್ಲಿಲ್ಲ ಅಂದ್ರೆ ಪಾಠ ಅರ್ಥ ಆಗಿಲ್ಲ ಅಂತ. ಮೊದ್ಲಿಂದ್ಲೇ ದಪ್ಪ ಇರೋರು, ಆರೋಗ್ಯ ಅಷ್ಟಕ್ಕಷ್ಟೆ ಇರೋರು ಡ್ರೈವರ್ ಕೆಲಸಕ್ಕೆ ಸೇರ್ಕೊಂಡಿರಬಹುದಲ್ವಾ? ಮಾರಿಸ್ ಮತ್ತೆ ಅವರ ಜೊತೆಯವ್ರಿಗೂ ಇದೇ ಅನುಮಾನ. ಅವರು ಏನ್ ಮಾಡಿದ್ರು ಗೊತ್ತಾ, ಸಿಬ್ಬಂದಿಗೆ ಕೊಡೋ ಯೂನಿಫಾರ್ಮ್ ಪ್ಯಾಂಟಿನ ಸೊಂಟದಳತೆ ದಾಖಲೆ ತೆಗೆಸಿದ್ರು! 1956ರಲ್ಲಿ ಅದೂ ಪ್ರಕಟ ಆಯ್ತು. ಡ್ರೈವರ್‌ಗಳ ಸೊಂಟ ದೊಡ್ಡದು, ಚಿಕ್ಕ ವಯಸ್ಸಿನವರಲ್ಲೂ ಹಾಗೇ, ಅಂದ್ರೆ ಅನುಮಾನದಲ್ಲಿ ಒಂದಷ್ಟು ನಿಜ ಇತ್ತು. ಆದ್ರೆ ತೆಳ್ಳಗಿರೋರನ್ನ ತೆಳ್ಳಗಿರೋರ ಜೊತೆ, ದಪ್ಪ ಇರೋರನ್ನ ದಪ್ಪ ಇರೋರ ಜೊತೆ ಹೋಲಿಸಿದ್ರೂ ಕಂಡಕ್ಟರ್‌ಗಳೇ ಮೇಲು. ದಪ್ಪ ಮೈ ಒಂದೇ ಕಾರಣ ಅಲ್ಲ ಅಂತ ಆಯ್ತು.

ನನಗೆ ಈ ಭಾಗ ಓದಿದಾಗ ಮನಸ್ಸು ಹಿಡಿದಂಗಾಯ್ತು. ನಮ್ಮಪ್ಪ 22 ವರ್ಷ ಬಸ್ ಓಡಿಸಿದೋರು, ಪ್ರತಿ ವರ್ಷ ಖಾಕಿ ಪ್ಯಾಂಟ್ ಹಿಂದಿನ ಹೊಲಿಗೆ ಬಿಚ್ಚಿಸಿ ಅಗಲ ಮಾಡಿಸ್ತಿದ್ರು, ಟೈಲರ್ ಅಂಗಡಿಗೆ ಆ ಪ್ಯಾಂಟ್ ಹಿಡ್ಕೊಂಡು ಹೋಗ್ತಿದ್ದಿದ್ದು ನಾನೇ. ಕಂಡಕ್ಟರ್ ಮಾವ ಇಡೀ ದಿನ ಜನರ ಮಧ್ಯೆ ತೂರಿಕೊಂಡು "ರೈಟ್ ರೈಟ್" ಅಂತ ಓಡಾಡ್ತಿದ್ರೆ ಅಪ್ಪ ಸೀಟಲ್ಲೇ.

ಸರಿ, ಒಳಗೆ ಏನಾಗುತ್ತೆ? ದಿನಾ ಬೀಸಾಗಿ ನಡೆದ್ರೆ, ಓಡಿದ್ರೆ, ಈಜಿದ್ರೆ, ತಿಂಗಳುಗಟ್ಟಲೆ ಹಾಗೇ ಮಾಡ್ತಾ ಬಂದ್ರೆ ಎಡ ಹೃತ್ಕುಕ್ಷಿ, ಅಂದ್ರೆ ಮೈಗೆಲ್ಲ ರಕ್ತ ತಳ್ಳೋ ಹೃದಯದ ಕೋಣೆ, ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತೆ, ಹಾಗಾಗಿ ಸುಮ್ನೆ ಕೂತಾಗ ಕಡಿಮೆ ಬಡಿತದಲ್ಲೇ ಕೆಲಸ ಮುಗಿಯುತ್ತೆ. ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 72 ಇದ್ರೆ ದಿನಕ್ಕೆ 1,03,680 ಬಡಿತ, 60ಕ್ಕೆ ಇಳಿದ್ರೆ 86,400. ರಕ್ತ ಜೋರಾಗಿ ಹರಿದಾಗ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಬಿಡುತ್ತೆ, ಅದರಿಂದ ನಾಳ ಸಡಿಲ ಆಗುತ್ತೆ, ಬಿಪಿ ಇಳಿಯುತ್ತೆ. ಸ್ನಾಯುಗಳು ರಕ್ತದಲ್ಲಿರೋ ಸಕ್ಕರೇನ ಚೆನ್ನಾಗಿ ಎಳ್ಕೊಳ್ತವೆ, ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬು ಕಡಿಮೆ ಆಗುತ್ತೆ, ಒಳ್ಳೆ ಕೊಲೆಸ್ಟ್ರಾಲ್ ಸ್ವಲ್ಪ ಏರುತ್ತೆ.

ಉಲ್ಟಾ ದಿಕ್ಕಿಂದ್ಲೂ ಸಾಕ್ಷಿ ಇದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐದು ಹುಡುಗರನ್ನ ಮೂರು ವಾರ ಹಾಸಿಗೆ ಮೇಲೆ ಮಲಗಿಸಿದ್ರು. ದೇಹ ಗರಿಷ್ಠ ಎಷ್ಟು ಆಕ್ಸಿಜನ್ ಬಳಸ್ಕೊಳ್ಳುತ್ತೆ ಅನ್ನೋ ಅಳತೆ ಕಾಲು ಭಾಗಕ್ಕಿಂತ ಜಾಸ್ತಿ ಬಿದ್ದೋಯ್ತು. 30 ವರ್ಷ ಆದ್ಮೇಲೆ ಅದೇ ಐದು ಜನರನ್ನ ಮತ್ತೆ ಪರೀಕ್ಷೆ ಮಾಡಿದ್ರೆ, 30 ವರ್ಷ ವಯಸ್ಸಾಗಿದ್ದಕ್ಕಿಂತ ಆ ಮೂರು ವಾರ ಮಲಗಿದ್ದೇ ಜಾಸ್ತಿ ಹಾಳು ಮಾಡಿತ್ತು. ಆರು ತಿಂಗಳು ನಿಧಾನವಾಗಿ ತರಬೇತಿ ಕೊಟ್ಟಿದ್ದಕ್ಕೆ, ವಯಸ್ಸಿನಿಂದ ಕಳ್ಕೊಂಡಿದ್ದು ವಾಪಸ್ ಬಂತು. 50 ದಾಟಿದೋರಿಗೆ! ಈ ಸಾಲಿಗೆ ನಾನು ಎರಡು ಸಲ ಗೆರೆ ಎಳೆದಿದ್ದೀನಿ.

ಆಯಸ್ಸಿನ ಲೆಕ್ಕಕ್ಕೆ ಬಂದ್ರೆ ತೈವಾನ್‌ನ ಅಧ್ಯಯನ ನೆನಪಿಡಿ, 2011, ನಾಲ್ಕು ಲಕ್ಷಕ್ಕಿಂತ ಜಾಸ್ತಿ ಜನ. ಏನೂ ಮಾಡದೇ ಇರೋರಿಗಿಂತ ದಿನಕ್ಕೆ ಸುಮಾರು 15 ನಿಮಿಷ ಮಾಡೋರಲ್ಲಿ ಸಾವಿನ ಪ್ರಮಾಣ 14% ಕಡಿಮೆ, ಆಯಸ್ಸು ಸುಮಾರು 3 ವರ್ಷ ಜಾಸ್ತಿ. ಏನೂ ಮಾಡದೇ ಇರೋರು ಸ್ವಲ್ಪ ಶುರು ಮಾಡಿದ್ರೆ ಸಿಗೋ ಲಾಭಾನೇ ದೊಡ್ಡದು, ಆಮೇಲೆ ಜಾಸ್ತಿ ಮಾಡಿದಷ್ಟೂ ಲಾಭ ಏರೋ ವೇಗ ಕಡಿಮೆ ಆಗ್ತಾ ಹೋಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಬೀಸು ನಡಿಗೆಯಂಥದ್ದು, ಇಲ್ಲಾ 75ರಿಂದ 150 ನಿಮಿಷ ಓಟದಂಥದ್ದು. ಬೀಸು ನಡಿಗೆ ಅಂದ್ರೆ ಮಾತಾಡಕ್ಕಾಗ್ಬೇಕು, ಹಾಡಕ್ಕಾಗ್ಬಾರ್ದು, ಅಷ್ಟೆ. ಹಾರ್ವರ್ಡ್‌ನ ಹಳೇ ವಿದ್ಯಾರ್ಥಿಗಳ ಮೇಲೆ ರಾಲ್ಫ್ ಪ್ಯಾಫೆನ್‌ಬಾರ್ಜರ್ ಮಾಡಿದ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ, ಕಾಲೇಜಲ್ಲಿ ದೊಡ್ಡ ಆಟಗಾರ ಆಗಿದ್ದು ಆಮೇಲೆ ಬಿಟ್ಟೋರಿಗೆ ಆ ಹಳೇ ಆಟದಿಂದ ರಕ್ಷಣೆ ಉಳಿದಿರಲಿಲ್ಲ.

ಅಪ್ಪ ರಿಟೈರ್ ಆದ್ಮೇಲೆ ಡಾಕ್ಟರ್‌ಗೆ ತೋರಿಸಿ, ಇಸಿಜಿ ಮಾಡಿಸಿ ಆಮೇಲೇ ನಡಿಗೆ ಶುರು ಮಾಡಿಸಿದ್ದು, ನಡೆಯೋವಾಗ ಎದೆ ಹಿಡಿಯೋ ಅಂಥೋರು ಹಾಗೇ ಮಾಡ್ಬೇಕು. ಮೊದಲ ವಾರ ಬೀದಿ ಕೊನೇಲಿರೋ ಅರಳಿಕಟ್ಟೆವರೆಗೆ ಮಾತ್ರ, ಈಗ ಕೆರೆ ಏರಿ ಪೂರ್ತಿ. ಬೆಳಗ್ಗೆ ಎದ್ದ ತಕ್ಷಣ ಅಪ್ಪನ ಮಣಿಕಟ್ಟು ಹಿಡಿದು ಒಂದು ನಿಮಿಷ ಎಣಿಸಿ ಕ್ಯಾಲೆಂಡರ್ ಮೇಲೆ ಬರೀತೀನಿ. ಜೂನಲ್ಲಿ 84 ಇತ್ತು, ಇವತ್ತು 75.